ಹೋದದ್ದಕ್ಕೆ ಅಳುವ ಹಕ್ಕು ಯಾರದು?

2025ರ ಜುಲೈ 14ರಂದು ಸಿಗಂದೂರು ಸೇತುವೆಯ ಉದ್ಘಾಟನೆಯನ್ನು ದೇವನಹಳ್ಳಿಯ ಮನೆಯಲ್ಲಿ ಕೂತು ಟೀವಿಯಲ್ಲಿ ನೋಡುತ್ತಿದ್ದೆ. ಇನ್ನು ಲಾಂಚಿನ ಕಾಲ ಮುಗಿಯಿತಲ್ಲ ಎಂದು ಮನಸ್ಸು ಕೆಟ್ಟಿತು. ಬಸ್ಸು, ಕಾರು, ಜನ, ಬುತ್ತಿಗಂಟು ಎಲ್ಲವನ್ನೂ ಹೊತ್ತು ಶರಾವತಿ ಹಿನ್ನೀರಿನಲ್ಲಿ ನಿಧಾನ ಸಾಗುವ ಆ ಲಾಂಚಿನ ಮೇಲೆ ನಿಂತು ನಾನು ಎಷ್ಟೋ ಫೋಟೋ ತೆಗೆದಿದ್ದೆ. ತುಮರಿ ಕಡೆಯ ಗೆಳೆಯನಿಗೆ ಫೋನು ಮಾಡಿ ಅದನ್ನೇ ಹೇಳಿಕೊಂಡೆ. ಪಕ್ಕದಲ್ಲಿದ್ದ ಅವನ ಅಮ್ಮ ಫೋನು ಇಸಿದುಕೊಂಡರು.

"ನೀನು ವರ್ಷಕ್ಕೊಂದ್ಸಲ ಬರೋನು ಮಾರಾಯ, ನಿಂಗೆ ಚಂದವೇ. ಕೊನೇ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದ್ರೆ, ಬೆಳಗಿನ ಲಾಂಚಿನ ತನಕ ತಡ್ಕೊ ಅಂತ ಹೇಳಕ್ಕಾಗತ್ತಾ?"

ನನ್ನಲ್ಲಿ ಉತ್ತರವಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೀರು ನಿಂತದ್ದು ಅವರ ಗದ್ದೆ, ದಾರಿಗಳ ಮೇಲೆ. ವಿದ್ಯುತ್ತು ಬಂದದ್ದು ನಾಡಿಗೆಲ್ಲ. ದ್ವೀಪದಂತಾದ ಊರಿನವರು ಸುಮಾರು ಎರಡೂವರೆ ಕಿಲೋಮೀಟರಿನ ಒಂದು ಸೇತುವೆಗಾಗಿ ಆರು ದಶಕ ಕಾದರು. ಆ ಕಾಯುವಿಕೆಯನ್ನು ನಾನು ಸೊಗಸು ಎಂದುಕೊಂಡಿದ್ದೆ.

ಮಗಳು ಕೆಲಸದ ಮೇಲೆ ಜಪಾನಿನಲ್ಲಿದ್ದಾಗ ಅವಳೊಂದಿಗೆ ಅಲ್ಲಿನ ಅವೊಮೊರಿ ಬಂದರಿಗೆ ಹೋಗಿದ್ದು ನೆನಪಾಯಿತು. ಅಲ್ಲಿ ಹಕ್ಕೋಡಾ ಮಾರು ಎಂಬ ಹಳೆಯ ಹಡಗನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಅದರ ಹೊಟ್ಟೆಯೊಳಗೆ ರೈಲು ಹಳಿಗಳಿವೆ, ಹಳಿಯ ಮೇಲೆ ರೈಲು ಬೋಗಿಗಳಿವೆ. ಒಂದು ಕಾಲಕ್ಕೆ ರೈಲನ್ನೇ ನುಂಗಿಕೊಂಡು ಹೊಕ್ಕೈಡೊ ದ್ವೀಪಕ್ಕೆ ದಾಟಿಸುತ್ತಿದ್ದ ಹಡಗು ಅದು. ಮಕ್ಕಳಂತೆ ಬೆರಗಾಗಿ ಸುತ್ತಾಡಿದೆ. ಇಷ್ಟು ಚೆಂದದ ಸೇವೆಯನ್ನು ಯಾಕೆ ನಿಲ್ಲಿಸಿದರೋ ಎಂದು ಮಗಳ ಬಳಿ ಗೊಣಗಿದೆ ಕೂಡ.

ಕಾರಣ ಆಮೇಲೆ ಓದಿ ತಿಳಿಯಿತು. 1954ರ ಸೆಪ್ಟೆಂಬರ್ 26ರಂದು ಇದೇ ಮಾರ್ಗದ ಟೋಯಾ ಮಾರು ಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗಿ, ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಮುದ್ರದ ತಳದಲ್ಲಿ ಸುಮಾರು 54 ಕಿಲೋಮೀಟರಿನ ಸುರಂಗ ತೋಡಲೇಬೇಕೆಂಬ ಒತ್ತಾಯ ಬಲವಾದದ್ದು ಆ ದುರಂತದಿಂದ. 1988ರ ಮಾರ್ಚ್‌ನಲ್ಲಿ ಸುರಂಗದಲ್ಲಿ ರೈಲು ಓಡಿತು, ಹಡಗುಗಳ ಕೆಲಸ ಮುಗಿಯಿತು. ನಾನು ಮರುಗಿದ್ದು ಹಡಗಿಗೆ. ಸುರಂಗ ಕೇಳಿದವರ ಕಣ್ಣ ಮುಂದೆ ಇದ್ದದ್ದು ಹೆಣಗಳು.

ಹಾಗಾದರೆ ಹಳೆಯದಕ್ಕೆ ಮರುಗುವುದೇ ತಪ್ಪೇ? ಅಷ್ಟು ಸುಲಭದ ತೀರ್ಪು ಕೊಡಲಾರೆ. ಯಾಕೆಂದರೆ ಅದೇ ಅಮ್ಮ, ಫೋನಿಡುವ ಮುಂಚೆ ದನಿ ತಗ್ಗಿಸಿ ಹೇಳಿದರು: "ಲಾಂಚಿನ ಹುಡುಗ್ರು ನೆನಪಾಗ್ತಾರೆ ಮಾರಾಯ. ದಡದ ಮೇಲೆ ಓಡಿ ಬರೋರು ಕಂಡ್ರೆ ಬಿಟ್ಟು ಹೋಗ್ತಿರ್ಲಿಲ್ಲ."

ಅವರಿಗೂ ಏನೋ ಕಳೆದಿತ್ತು. ಆದರೆ ಅವರು ಮರುಗಿದ್ದು ನೋಟಕ್ಕಲ್ಲ, ತಮಗಾಗಿ ಕಾದವರಿಗೆ. ಆ ಮರುಕದ ಹಿಂದೆ ಪಟ್ಟ ಕಷ್ಟದ ಲೆಕ್ಕವೂ ಇದೆ. ನನ್ನದರ ಹಿಂದೆ ಅದಿಲ್ಲ. ಒಂದು ವಸ್ತು ಉಳಿಯಬೇಕೋ ಹೋಗಬೇಕೋ ಎಂಬ ಮಾತಿನಲ್ಲಿ ಮೊದಲ ದನಿ ಅದನ್ನು ಬಳಸಿದವರದು, ನೋಡಲು ಬಂದವರದು ಆಮೇಲೆ.

ಈ ಮಾತು ನನ್ನ ಊರಿಗೂ ಸಲ್ಲುತ್ತದೆ. 1915ರಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಬಂತು. ದೇವನಹಳ್ಳಿಯ ಮೇಲೇ ಹಾದುಹೋಗುತ್ತಿತ್ತು. ನಮ್ಮ ತಾತ ಆ ರೈಲಿನಲ್ಲಿ ತರಕಾರಿ ಮೂಟೆ ಹಾಕಿಕೊಂಡು ಪೇಟೆಗೆ ಹೋಗುತ್ತಿದ್ದರು. "ಎತ್ತಿನ ಗಾಡೀನೇ ವಾಸಿ" ಎಂದು ಬೈಯುತ್ತಲೇ ಹತ್ತುತ್ತಿದ್ದರಂತೆ. ಕಾಲ ಕಳೆದು ಆ ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿದರು. ಪಾಳುಬಿದ್ದಿದ್ದ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಹಳೆಯ ನಿಲ್ದಾಣಗಳನ್ನು ಈಚೆಗೆ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಜೀರ್ಣೋದ್ಧಾರ ಮಾಡಿತು. ಒಳ್ಳೆಯ ಕೆಲಸ, ಅದರಲ್ಲಿ ಅನುಮಾನವಿಲ್ಲ. ನೆಂಟರು ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ತಾತನ ರೈಲಿನ ಕತೆ ಹೇಳುತ್ತೇನೆ.

ಮೊನ್ನೆಯೂ ಹಾಗೇ ಹೋಗಿ ಕಟ್ಟಡದ ಫೋಟೋ ತೆಗೆಯುತ್ತಿದ್ದೆ. ಹೂವಿನ ಬುಟ್ಟಿ ಹಿಡಿದ ಹೆಂಗಸೊಬ್ಬರು ಏದುಸಿರು ಬಿಡುತ್ತಾ ಬಂದು ಕೇಳಿದರು: "ಅಣ್ಣಾ, ಬೆಂಗ್ಳೂರ್ ಗಾಡಿ ಹೋಯ್ತಾ? ಮುಂದಿನ್ದು ಎಷ್ಟೊತ್ತಿಗೆ?"

ಆ ನಿಲ್ದಾಣ ಕಟ್ಟಿದ ಕಾಲ, ಹಳಿಯ ಅಗಲ ಎಲ್ಲ ಬಲ್ಲ ನನಗೆ ಅದೊಂದು ಮಾತ್ರ ಗೊತ್ತಿರಲಿಲ್ಲ.