ಕುಡಿತವನ್ನು ಬಿಟ್ಟವನಿಗೆ ಬೇರೆ ಆಸರೆ ತಕ್ಕದ್ದೋ?

ಒಬ್ಬನು ಕುಡಿತವನ್ನು ಬಿಡಲು ನಿಜವಾಗಿ ಮನಸ್ಸು ಮಾಡಿದ ಮೇಲೆ ಅವನಿಗೆ ಧ್ಯಾನ, ಉಸಿರಾಟದ ಅಭ್ಯಾಸ, ಸಂಗೀತ, ಕೈಗೆಲಸ ಇವುಗಳ ಅವಶ್ಯವೇನೆಂದು ಕೆಲವರು ಕೇಳುತ್ತಾರೆ. ಇವುಗಳೇ ಸಾಕು, ಆಸ್ಪತ್ರೆ ಯಾತಕ್ಕೆಂದು ಬೇರೆ ಕೆಲವರು ಹೇಳುತ್ತಾರೆ. ಮೊದಲಿನವರು ಬಲಹೀನನನ್ನು ತಿರಸ್ಕರಿಸುತ್ತಾರೆ. ಎರಡನೆಯವರು ಅವನನ್ನು ಅಪಾಯಕ್ಕೆ ನೂಕುತ್ತಾರೆ.

ಎರಡನೆಯ ಮಾತನ್ನು ಮೊದಲು ವಿಚಾರಿಸೋಣ. ಬಹುಕಾಲ ಮಿತಿಮೀರಿ ಕುಡಿದವನು ಫಕ್ಕನೆ ನಿಲ್ಲಿಸಿದರೆ ಕೈ ನಡುಗುವದು, ನಿದ್ರೆ ಹಾರುವದು. ಕೆಲವರಿಗೆ ಎರಡು ದಿನಗಳೊಳಗೆ ಅಪಸ್ಮಾರದಂಥ ಸೆಳೆತವೂ, ಎರಡು ಮೂರು ದಿನಗಳಾದ ಮೇಲೆ ಸನ್ನಿಯೂ ಬರುವದುಂಟು. ಇದರಿಂದ ಪ್ರಾಣಹಾನಿಯಾಗಬಹುದು. ಆ ಹೊತ್ತಿನಲ್ಲಿ ವೈದ್ಯನೇ ಬೇಕು. ಅವನ ಸ್ಥಾನವನ್ನು ಧ್ಯಾನವಾಗಲಿ ಸಂಗೀತವಾಗಲಿ ತುಂಬಲಾರದು.

ಆದರೆ ಇವು ನಿಷ್ಪ್ರಯೋಜಕವೋ? ಹಾಗಲ್ಲ. 2006ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು ಕುಡಿತಕ್ಕೆ ದಾಸರಾಗಿದ್ದ 60 ಮಂದಿ ರೋಗಿಗಳನ್ನು ನೋಡಿದರು. ಒಂದು ವಾರ ಚಿಕಿತ್ಸೆಯಾದ ಮೇಲೆ ಎರಡು ವಾರ ಸುದರ್ಶನ ಕ್ರಿಯೆಯೆಂಬ ಉಸಿರಾಟದ ಅಭ್ಯಾಸ ಮಾಡಿದವರಲ್ಲಿ ಮನಸ್ಸಿನ ಕುಗ್ಗುವಿಕೆಯು ಇತರರಿಗಿಂತ ಹೆಚ್ಚಾಗಿ ಇಳಿಯಿತು. 2014ರಲ್ಲಿ ಅಮೇರಿಕದಿಂದ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ಚಿಕಿತ್ಸೆಯನ್ನು ಮುಗಿಸಿದ 286 ಮಂದಿಯೊಳಗೆ ಕೆಲವರಿಗೆ, ಕುಡಿಯಬೇಕೆಂಬ ಆಶೆಯು ಏಳುವದನ್ನೂ ಇಳಿಯುವದನ್ನೂ ಶಾಂತವಾಗಿ ಗಮನಿಸುವ ಧ್ಯಾನವನ್ನು ಕಲಿಸಿದರು. ವರುಷ ಕಳೆದ ಮೇಲೆ ಇವರು ಮಾದಕ ಸೇವಿಸಿದ ದಿನಗಳು ಇತರರಿಗಿಂತ ಕಡಿಮೆಯಾಗಿದ್ದವು. ಎರಡರಲ್ಲಿಯೂ ಚಿಕಿತ್ಸೆ ಮುಂಚೆ, ಅಭ್ಯಾಸ ಆಮೇಲೆ ಎಂಬದನ್ನು ಗಮನಿಸಿರಿ.

ಎಲ್ಲಾ ಉಪಾಯಗಳೂ ಒಂದೇ ಸಮವಲ್ಲ. 2002ರಲ್ಲಿ ಕೊಕೇನಿಗೆ ದಾಸರಾದ 620 ಮಂದಿಯ ಪರೀಕ್ಷೆಯು ಅಮೇರಿಕದಲ್ಲಿ ಪ್ರಕಟವಾಯಿತು. ಕಿವಿಯ ನೇಮಿತ ಸ್ಥಾನಗಳಲ್ಲಿ ಸೂಜಿ ಚುಚ್ಚಿಸಿಕೊಂಡವರಿಗೆ, ಬೇರೆ ಸ್ಥಾನಗಳಲ್ಲಿ ಚುಚ್ಚಿಸಿಕೊಂಡವರಿಗಿಂತಲೂ ಕೇವಲ ವಿಶ್ರಾಂತಿ ಪಡೆದವರಿಗಿಂತಲೂ ಹೆಚ್ಚು ಗುಣವೇನೂ ಕಾಣಲಿಲ್ಲ.

ಈಗ ಮೊದಲಿನವರ ಮಾತಿಗೆ ಬರೋಣ. ಮನಸ್ಸು ದೃಢವಾಗಿದ್ದರೆ ಆಸರೆ ಯಾಕೆ? ಒಕ್ಕಲಿಗನನ್ನು ಕೇಳಿರಿ. ಬೇಲಿಯು ಪೈರನ್ನು ಬೆಳೆಸುವದಿಲ್ಲ. ಆದರೂ ಬೇಲಿಯಿಲ್ಲದ ಪೈರು ದನಗಳ ಪಾಲಾಗುವದು. ಕೂಲಿ ಕೈಗೆ ಬಂದ ಸಂಜೆ, ಕೆಲಸವಿಲ್ಲದ ಮಧ್ಯಾಹ್ನ, ಹಳೇ ಗೆಳೆಯರ ಕರೆ, ಇವು ಬಂದಾಗ ನಿನ್ನೆ ಮಾಡಿದ ನಿಶ್ಚಯವು ಸಡಿಲಾಗುವದು. ಆ ಗಳಿಗೆಯನ್ನು ದಾಟಿಸುವ ಆಸರೆಯನ್ನು ಹಿಡಿಯುವವನು ಹೇಡಿಯಲ್ಲ, ತನ್ನ ಬಲಹೀನತೆಯನ್ನು ಅರಿತ ಬುದ್ಧಿವಂತನು.

ಆದಕಾರಣ ಸಹಾಯ ಮಾಡುವವನು ಸತ್ಯವನ್ನೇ ಹೇಳತಕ್ಕದ್ದು. ಬೇಲಿಯನ್ನು ಪೈರೆಂದು ಮಾರುವವನು ಬಡವನ ಹಣವನ್ನು ಮಾತ್ರವಲ್ಲ, ಅವನ ನಿರೀಕ್ಷೆಯನ್ನೂ ಕದಿಯುತ್ತಾನೆ. ಇದರಿಂದ ನೀನು ಪೂರ್ಣ ಗುಣವಾಗುವಿ ಎಂಬ ಮಾತನ್ನು ನಂಬಿದವನು ತಿರಿಗಿ ಬಿದ್ದಾಗ ಉಪಾಯವನ್ನು ದೂರುವದಿಲ್ಲ. ನನಗೆ ಬಿಡುಗಡೆಯೇ ಇಲ್ಲವೆಂದು ತನ್ನನ್ನೇ ಕೈಬಿಡುತ್ತಾನೆ.

ನಿಮ್ಮ ಊರಿನಲ್ಲಿ ಅಂಥವನೊಬ್ಬನು ಇದ್ದರೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಮನೆಗೆ ಬಂದ ಮೇಲೆ ಹಾಡಾಗಲಿ, ತೋಟದ ಕೆಲಸವಾಗಲಿ, ಧ್ಯಾನವಾಗಲಿ, ಅವನಿಗೆ ಹಿತವಾದದ್ದನ್ನು ಹಾಸ್ಯಮಾಡದೆ ಅವನೊಂದಿಗೆ ಮಾಡಿರಿ. ಅವನು ತಿರಿಗಿ ಬಿದ್ದರೂ ಬಾಗಲು ಮುಚ್ಚಬೇಡಿರಿ.