ನಿಧಾನವಾದದ್ದೆಲ್ಲ ನಿರುಪಯುಕ್ತವೇ?

ವಸ್ತುವೊಂದು ನಿಧಾನವಾಯಿತೆಂದ ಮಾತ್ರಕ್ಕೆ ಅದನ್ನು ಎಸೆಯುವ ಹಕ್ಕು ನಮಗೆ ಬರುತ್ತದೆಯೇ? ಮೊಳಕಾಲ್ಮೂರಿನ ನೇಕಾರರ ಮನೆಯೊಂದರಲ್ಲಿ ಈ ಪ್ರಶ್ನೆ ನಮಗೆ ಎದುರಾಯಿತು.

ಆ ಮನೆಯ ಮಗಳು ಪದವಿ ವಿದ್ಯಾರ್ಥಿನಿ. ಬಂಧುವೊಬ್ಬರು ಬಳಸಿ ಕೊಟ್ಟಿದ್ದ ಏಳು ವರ್ಷ ಹಳೆಯ ಲ್ಯಾಪ್‌ಟಾಪೇ ಅವಳ ಓದಿಗೆ ಆಧಾರ. ಒಂದು ರಾತ್ರಿ ಸಿಸ್ಟಮ್ ಅಪ್‌ಡೇಟ್ ಆಯಿತು. ಮರುದಿನ ಅದು ತೆರೆದುಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಒಂದು ಫೈಲ್ ತೆಗೆದರೆ ಇನ್ನೊಂದು ಸ್ತಬ್ಧ. ಅಂಗಡಿಯವರು ಎರಡು ನಿಮಿಷ ನೋಡಿ, "ಇದರ ಆಯುಷ್ಯ ಮುಗೀತು, ಹೊಸದು ತಗೊಳ್ಳಿ" ಎಂದರು. ತಂದೆ ಎಷ್ಟು ಸೀರೆಯ ಕೂಲಿ ಬೇಕಾದೀತೆಂದು ಲೆಕ್ಕ ಹಾಕತೊಡಗಿದರು. ಆಗ ಗುಂಡಿ ಮಗ್ಗದಲ್ಲಿ ಕುಳಿತಿದ್ದ ಅಜ್ಜ ಕೇಳಿದರು: "ಏನು ಕೆಟ್ಟೈತೆ ಅಂತ ಯಾರಾದ್ರೂ ನೋಡಿದ್ರೇನಪ್ಪ? ಎಳೆ ಹರಿದ್ರೆ ಮಗ್ಗ ಮಾರ್ತಾರಾ?"

ನಿಜಕ್ಕೂ ಯಾರೂ ನೋಡಿರಲಿಲ್ಲ. ವಿಚಾರಣೆ ಇಲ್ಲದೆಯೇ ತೀರ್ಪು ಹೊರಬಿದ್ದಿತ್ತು.

ನಾವು ಕುಳಿತು ನೋಡಿದೆವು. ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಬಹುತೇಕ ಸುಮ್ಮನಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು ದುಡಿಯುತ್ತಿತ್ತು. ಅದು ತಟ್ಟೆ ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್. ಓದುವ ಮುಳ್ಳು ತಟ್ಟೆಯ ಮೇಲೆ ಒಂದೆಡೆಯಿಂದ ಇನ್ನೊಂದೆಡೆಗೆ ಓಡಾಡಿಯೇ ಮಾಹಿತಿ ತರಬೇಕು. ಒಂದೇ ಲಾಳಿ ಹತ್ತು ಮಗ್ಗಗಳ ನಡುವೆ ಓಡಿದ ಹಾಗೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಸಿಸ್ಟಮ್ ಎಲ್ಲ ಫೈಲುಗಳ ಸೂಚಿಯನ್ನು ಮತ್ತೆ ಸಿದ್ಧಪಡಿಸುತ್ತದೆ, ಭದ್ರತಾ ತಪಾಸಣೆ ನಡೆಸುತ್ತದೆ. ಇಷ್ಟು ಕೆಲಸಕ್ಕೆ ಕೆಲವು ಗಂಟೆ ಹಿಡಿಯಬಹುದು. ಜೊತೆಗೆ, ಹಿಂದಿರುಗಬೇಕಾದರೆ ಇರಲಿ ಎಂದು ಹಳೆಯ ಆವೃತ್ತಿಯನ್ನೂ ಕೆಲವು ದಿನ ಉಳಿಸಿಕೊಳ್ಳುತ್ತದೆ. ಅದು ಹಲವು ಜಿಬಿ ಜಾಗ ತಿನ್ನುತ್ತದೆ. ಇಲ್ಲಿಯೋ ಡಿಸ್ಕ್ ಮೊದಲೇ ತುಂಬಿ ತುಳುಕುತ್ತಿತ್ತು. ಸಿನಿಮಾಗಳು, ಒಂದೇ ಚಿತ್ರದ ಮೂರು ಮೂರು ಪ್ರತಿಗಳು, ಯಾವತ್ತೂ ತೆರೆಯದ ಪ್ರೋಗ್ರಾಮುಗಳು. ಫ್ಯಾನಿನಲ್ಲಿ ಈ ಬಯಲುಸೀಮೆಯ ಧೂಳು.

ಮೊದಲು ಅವಳ ಬರಹಗಳನ್ನೆಲ್ಲ ಬೇರೆ ಡ್ರೈವಿಗೆ ನಕಲು ಮಾಡಿದೆವು. ಒಂದು ರಾತ್ರಿ ಯಂತ್ರವನ್ನು ಚಾರ್ಜಿಗೆ ಹಾಕಿ ಅದರ ಕೆಲಸ ಮುಗಿಸಲು ಬಿಟ್ಟೆವು. ಹೊಸ ಆವೃತ್ತಿ ಸರಿಯಾಗಿದೆ ಎಂದು ಖಚಿತವಾದ ಮೇಲೆ ಹಳೆಯದನ್ನು ಡಿಸ್ಕ್ ಕ್ಲೀನಪ್‌ನಿಂದ ತೆಗೆದೆವು. ಯಂತ್ರ ತೆರೆದೊಡನೆ ತಾವಾಗಿ ಎದ್ದು ಕೂರುವ ಪ್ರೋಗ್ರಾಮುಗಳನ್ನು ನಿಲ್ಲಿಸಿದೆವು. ಕೊನೆಗೆ ಹಳೆಯ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿದೆವು. ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣದೊಂದು ಪಾಲು ಖರ್ಚಾಯಿತು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ಹಳೆಯ ಡಿಸ್ಕಿಗೆ ಮಾಡುತ್ತಿದ್ದ ಡಿಫ್ರಾಗ್ಮೆಂಟ್ ಇದಕ್ಕೆ ಬೇಡ, ಅದರಿಂದ ಸವಕಳಿಯೇ ಹೆಚ್ಚು. ಟ್ರಿಮ್ ಎಂಬ ಕೆಲಸವನ್ನು ಸಿಸ್ಟಮ್ ತಾನೇ ಮಾಡಿಕೊಳ್ಳುತ್ತದೆ. ಐದರಲ್ಲೊಂದು ಪಾಲು ಜಾಗ ಖಾಲಿ ಬಿಟ್ಟರೆ ಸಾಕು. ಈಗ ಆ ಯಂತ್ರ ಒಂದು ನಿಮಿಷದೊಳಗೆ ತೆರೆದುಕೊಳ್ಳುತ್ತದೆ. ಹೊಸದರ ವೇಗ ಅದಕ್ಕೆ ಬಂದಿಲ್ಲ. ಅವಳ ಓದಿಗೆ ಸಾಲುವಷ್ಟು ಬಂದಿದೆ.

ತಪ್ಪು ಯಾರದಾಗಿತ್ತು? ಅಪ್‌ಡೇಟ್ ಮೇಲೆ ಆರೋಪ ಹೊರಿಸುವುದು ಸುಲಭ. ಆದರೆ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಒತ್ತೆಯಾಗಿಟ್ಟುಕೊಂಡಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಅಡ್ಡಿಯಾಯಿತು. ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್ ತಿಂಗಳಲ್ಲೇ ಬಂದಿತ್ತು. ಹಾಕಿಕೊಳ್ಳದವರು ಬೆಲೆ ತೆತ್ತರು. ಆದ್ದರಿಂದ ಅಪ್‌ಡೇಟನ್ನೇ ನಿಲ್ಲಿಸಿಬಿಡುವುದು ಜಾಣತನವಲ್ಲ. ನಾವು ನೋಡಿದ ಯಂತ್ರದ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನ ಪಾಲು ತಪ್ಪು ಆರೈಕೆ ಮಾಡದವರದು, ಸ್ವಲ್ಪ ವಯಸ್ಸಿನದು.

ಹಾಗೆಂದು ತಯಾರಕರನ್ನು ಪೂರ್ತಿ ಬಿಟ್ಟುಬಿಡಲೂ ಆಗದು. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿದ್ದನ್ನು ಆಪಲ್ ಕಂಪನಿ 2017ರಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲಿ ಎಂದು ಹೀಗೆ ಮಾಡಿದೆವೆಂದು ಅದು ಹೇಳಿತು. ಗ್ರಾಹಕರಿಗೆ ತಿಳಿಸಲಿಲ್ಲ ಎಂಬ ಕಾರಣಕ್ಕೆ 2020ರಲ್ಲಿ ಫ್ರಾನ್ಸ್ ಅದಕ್ಕೆ 2.5 ಕೋಟಿ ಯೂರೋ ದಂಡ ಹಾಕಿತು. ವಸ್ತುವಿನ ಆಯುಷ್ಯವನ್ನು ಬೇಕೆಂದೇ ಕುಗ್ಗಿಸುವುದು ಅಲ್ಲಿ 2015ರಿಂದ ಅಪರಾಧ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಅಥವಾ ಹೊಸ ಪ್ರೊಸೆಸರ್ ಇಲ್ಲದ ಎಷ್ಟೋ ಯಂತ್ರಗಳು ಗಟ್ಟಿಮುಟ್ಟಾಗಿದ್ದರೂ 'ಹಳತು' ಎನಿಸಿಕೊಂಡವು. ಅಂಥವುಗಳಿಗೆ ಲಿನಕ್ಸ್ ಒಂದು ದಾರಿ. ಆ ದಾರಿ ತೋರಿಸುವವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಮಗ್ಗದ ಯಾವ ಭಾಗ ಮುರಿದರೂ ಊರಿನ ಬಡಗಿ ಸರಿಮಾಡಬಲ್ಲ. ಲ್ಯಾಪ್‌ಟಾಪ್ ಹಾಗಿಲ್ಲ. ಇತ್ತೀಚಿನ ಎಷ್ಟೋ ಮಾದರಿಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕೊಳ್ಳುವಾಗ "ಇದನ್ನು ಬಿಚ್ಚಿ ರಿಪೇರಿ ಮಾಡಬಹುದೇ?" ಎಂದು ಕೇಳುವುದು ಗ್ರಾಹಕನ ಹಕ್ಕು. ನಮ್ಮ ಸರಕಾರವೂ 2022ರಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆದಿದೆ. ಹಕ್ಕು ಕೇಳುವವರು ಕರ್ತವ್ಯವನ್ನೂ ನೆನೆಯಬೇಕು. ನಾವು ಎಸೆದ ಯಂತ್ರ ಎಲ್ಲೋ ಮಾಯವಾಗುವುದಿಲ್ಲ. ಬಹಳಷ್ಟು ಇ-ತ್ಯಾಜ್ಯ ಗುಜರಿಗೆ ಸೇರಿ, ತಾಮ್ರಕ್ಕಾಗಿ ತಂತಿ ಸುಡುವ ಬಡವರ ಉಸಿರಿಗೆ ವಿಷವಾಗುತ್ತದೆ. ಅವರಿಗೆ ನಮ್ಮ ಅವಸರದ ಸುದ್ದಿಯೇ ಗೊತ್ತಿಲ್ಲ.

ಇದೇ ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಚಪಡನೆಂಬ ಲಿಪಿಕಾರ ಬರೆದ ಆ ಅಕ್ಷರಗಳು ಸುಮಾರು 2,200 ವರ್ಷಗಳಿಂದ ಬಂಡೆಯ ಮೇಲೆ ಉಳಿದಿವೆ. ನಮ್ಮ ಡಿಸ್ಕುಗಳನ್ನು ಹತ್ತು ವರ್ಷಕ್ಕೂ ನಂಬುವಂತಿಲ್ಲ. ಬಂಡೆಗೆ ಇರುವ ಬಾಳಿಕೆ ನಮ್ಮ ಸಾಧನಗಳಿಗೆ ಇಲ್ಲದಿರುವಾಗ ಅದನ್ನು ನಮ್ಮ ಆರೈಕೆಯಿಂದಲೇ ತುಂಬಿಕೊಡಬೇಕು: ನಿಯಮಿತವಾಗಿ ನಕಲು ತೆಗೆದಿಡುವುದು, ಜಾಗ ತೆರವು ಮಾಡುವುದು, ಕೆಟ್ಟಾಗ ಕಾರಣ ಹುಡುಕುವುದು.

ಆ ಮನೆಯಿಂದ ಹೊರಡುವಾಗ ಅಜ್ಜ ಇನ್ನೂ ಮಗ್ಗದಲ್ಲೇ ಇದ್ದರು. ಮೊದಲಿಗಿಂತ ಈಗ ಒಂದು ಸೀರೆಗೆ ಹೆಚ್ಚು ದಿನ ಹಿಡಿಯುತ್ತದಂತೆ. ಕಣ್ಣು ಮಂಜಾಗಿದೆ, ಕಾಲು ಬೇಗ ಸೋಲುತ್ತದೆ. "ಆದ್ರೂ ಸೀರೆ ಆಗ್ತೈತೆ" ಎಂದು ನಕ್ಕರು. ಏನು ಕೆಟ್ಟಿದೆ ನೋಡಿ ಎಂದು ಅವರು ಕೇಳಿದ್ದು ಬರೀ ಲ್ಯಾಪ್‌ಟಾಪಿನ ಪರವಾಗಿ ಎಂದು ನಮಗೆ ಅನಿಸಲಿಲ್ಲ.