ಹಳೆಯ ಆಟಕ್ಕೆ ಹೊಸ ಬೆಲೆ

ಒಮ್ಮೆ ದುಡ್ಡು ಕೊಟ್ಟು ಕೊಂಡ ವಸ್ತುವಿಗೆ ಮತ್ತೊಮ್ಮೆ ದುಡ್ಡು ಕೊಡಬೇಕೆ? ಸಂಸಾರ ತೂಗಿಸುವ ಯಾವ ಹೆಂಗಸನ್ನು ಕೇಳಿದರೂ ‘ಬೇಡ’ ಎಂದೇ ಹೇಳುತ್ತಾಳೆ. ಆದರೆ ಮಕ್ಕಳು ಆಡುವ ವಿಡಿಯೋ ಗೇಮುಗಳ ವಿಷಯದಲ್ಲಿ ಈ ಪ್ರಶ್ನೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ ಎಂದು ನನಗನ್ನಿಸುತ್ತದೆ.

ಅಮೆರಿಕದ ಬೆಥೆಸ್ಡಾ ಕಂಪನಿಯ ‘ಸ್ಕೈರಿಮ್’ ಎಂಬ ಆಟವನ್ನೇ ನೋಡಿ. ಹಿಮದ ಬೆಟ್ಟಗಳು, ಬೆಂಕಿಯುಗುಳುವ ಡ್ರ್ಯಾಗನ್‌ಗಳು, ನಡುವೆ ಮನಬಂದಂತೆ ಅಲೆಯುವ ಸ್ವಾತಂತ್ರ್ಯ. ಇದು ಬಂದದ್ದು 2011ರ ನವೆಂಬರ್ 11ರಂದು. 2016ರ ಅಕ್ಟೋಬರ್ 28ರಂದು ಅದೇ ಆಟ ‘ಸ್ಪೆಷಲ್ ಎಡಿಷನ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಬೆಳಕು, ನೆರಳು, ನೀರು ಹೊಸದಾಗಿದ್ದವು, ಕಥೆ ಹಳೆಯದೇ. ಕಂಪ್ಯೂಟರಿನಲ್ಲಿ ಆಟವನ್ನೂ ಅದರ ಸೇರ್ಪಡೆಗಳನ್ನೂ ಮೊದಲೇ ಕೊಂಡಿದ್ದವರಿಗೆ ಅದು ಉಚಿತವಾಗಿ ಸಿಕ್ಕಿತು. ಟಿವಿಗೆ ಜೋಡಿಸಿ ಆಡುವ ಕನ್ಸೋಲಿನವರು ಮಾತ್ರ ಸುಮಾರು 60 ಡಾಲರ್ ತೆರಬೇಕಾಯಿತು.

ಬರೀ ಹೊಳಪಿಗೆ ಇಷ್ಟು ಬೆಲೆಯೇ? 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಬಂದಾಗ ನಾವೂ ಟಿಕೆಟು ಕೊಂಡು ನೋಡಿದೆವಲ್ಲ! ಆದರೆ ಅಲ್ಲಿ ನಾವು ನೋಡುವವರಷ್ಟೇ. ಇಲ್ಲಿ ಇನ್ನೊಂದು ಸಂಗತಿಯಿತ್ತು. ಆಡುವವರೇ ಆಟದೊಳಗೆ ಮಾಡುವ ಮಾರ್ಪಾಟಿಗೆ ‘ಮಾಡ್’ ಎನ್ನುತ್ತಾರೆ. ಒಬ್ಬರು ಹೊಸ ಮನೆ ಕಟ್ಟುತ್ತಾರೆ, ಇನ್ನೊಬ್ಬರು ಹೊಸ ಕಥೆ ಹೆಣೆಯುತ್ತಾರೆ. ಸ್ಕೈರಿಮಿನಲ್ಲಿ ಅಲ್ಲಿಯವರೆಗೆ ಕಂಪ್ಯೂಟರಿನವರಿಗೆ ಮಾತ್ರ ದಕ್ಕಿದ್ದ ಈ ಭಾಗ್ಯ ಹೊಸ ಆವೃತ್ತಿಯಿಂದ ಕನ್ಸೋಲಿನವರಿಗೂ ಸಿಕ್ಕಿತು. ಅದೂ ಸಮನಾಗಿ ಅಲ್ಲ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಮಾಡ್‌ಗಳಿಗೆ 5 ಗಿಗಾಬೈಟ್ ಜಾಗವಾದರೆ, ಪ್ಲೇಸ್ಟೇಷನ್ 4ರಲ್ಲಿ 1 ಗಿಗಾಬೈಟ್. ಜೊತೆಗೆ ಹೊರಗಿನ ಚಿತ್ರ, ದನಿ ತರುವಂತಿಲ್ಲ ಎಂದು ಸೋನಿ ಕಂಪನಿಯ ಕಟ್ಟಳೆ.

ಆದರೂ ಮಾಡ್‌ಗಳು ಏನೆಲ್ಲ ಮಾಡಿವೆ ನೋಡಿ! ಆಸ್ಟ್ರೇಲಿಯಾದಲ್ಲಿ ವಕೀಲರಾಗಿದ್ದ ನಿಕ್ ಪಿಯರ್ಸ್ ಸ್ಕೈರಿಮಿಗಾಗಿ ‘ದಿ ಫರ್ಗಾಟನ್ ಸಿಟಿ’ ಎಂಬ ಕಥೆ ಕಟ್ಟಿದರು. 2016ರಲ್ಲಿ ಅಲ್ಲಿನ ಲೇಖಕರ ಸಂಘ ಅದಕ್ಕೆ ಪ್ರಶಸ್ತಿ ಕೊಟ್ಟಿತು. 2021ರಲ್ಲಿ ಅದೇ ಸ್ವತಂತ್ರ ಆಟವಾಯಿತು. 1936ರಲ್ಲಿ ಹುಟ್ಟಿದ ಶರ್ಲಿ ಕರಿ ಎಂಬ ಅಜ್ಜಿಯನ್ನು ಅವರದೇ ದನಿಯೊಂದಿಗೆ ಜೊತೆಗಾತಿಯಾಗಿ ಆಟಕ್ಕೆ ಸೇರಿಸಿದವರೂ ಇದ್ದಾರೆ. ಇಂಥದ್ದೊಂದು ಬಾಗಿಲು ತೆರೆಯುವುದಾದರೆ ಎರಡನೆಯ ಸಲ ಕೊಟ್ಟ ದುಡ್ಡು ದಂಡವಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆಯೇ ಇದೆ. ಕಂಪನಿ ಬಿಟ್ಟ ನೂರಾರು ತಪ್ಪುಗಳನ್ನು ಸರಿಪಡಿಸಿದ್ದು ಬಿಡುವಿನ ವೇಳೆಯಲ್ಲಿ ಕೂತು ದುಡಿದ ಹವ್ಯಾಸಿಗಳು. ಹೊಸ ಆವೃತ್ತಿಗೂ ಅವರ ತೇಪೆ ಬೇಕಾಯಿತು. ಬೆಲೆ ಕಂಪನಿಗೆ, ಬೆವರು ಇವರದು. ಎಲ್ಲೋ ಕೇಳಿದ ಹಾಗಿದೆಯಲ್ಲವೆ? ಮನೆ ನಡೆಯುವುದು ಯಾರ ದುಡಿಮೆಯಿಂದಲೋ ಆ ದುಡಿಮೆಗೆ ಲೆಕ್ಕಪುಸ್ತಕದಲ್ಲಿ ಜಾಗವಿಲ್ಲ. ‘ಪ್ರೀತಿಯಿಂದ ಮಾಡುತ್ತಾಳೆ’ ಎಂದುಬಿಟ್ಟರೆ ಮುಗಿಯಿತು. ಪ್ರೀತಿಯಿಂದ ಮಾಡಿದ್ದು ನಿಜವೇ. ಆದರೆ ಪ್ರೀತಿ ಇದೆಯೆಂದು ಋಣ ತೀರುತ್ತದೆಯೆ?

ಹಾಗೆಂದು ಎಲ್ಲಕ್ಕೂ ಬೆಲೆ ಕಟ್ಟಿದರೂ ಸರಿಹೋಗುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಸ್ಕೈರಿಮಿನ ಮಾಡ್‌ಗಳನ್ನು ಮಾರಲು ಅವಕಾಶ ಕೊಟ್ಟರು. ಮಾಡಿದವರ ಪಾಲು ನೂರಕ್ಕೆ 25. ಆಟಗಾರರು ಸಿಡಿದೆದ್ದರು, ಕೆಲವೇ ದಿನಗಳಲ್ಲಿ ಅದನ್ನು ಕೈಬಿಟ್ಟರು. ಹಂಚಿಕೊಂಡು ಬೆಳೆದದ್ದು ಸಂತೆಯ ಸರಕಾಗುವುದು ಅವರಿಗೆ ಒಗ್ಗಲಿಲ್ಲ. ಮರುವರ್ಷ ‘ಫಾಲ್‌ಔಟ್ 4’ ಆಟದ ಮಾಡ್‌ಗಳು ಕನ್ಸೋಲಿಗೆ ಬಂದಾಗ, ಒಬ್ಬರು ಮಾಡಿದ್ದನ್ನು ಕೇಳದೆ ಎತ್ತಿ ತಂದು ತಾವೇ ಏರಿಸಿದವರಿದ್ದರು. ಕೂಲಿಯಿಲ್ಲದಿದ್ದರೂ ಸಹಿಸಿದವರಿಗೆ ಹೆಸರು ಅಳಿಸಿದ್ದು ಸಹಿಸಲಾಗಲಿಲ್ಲ. ಆ ನೋವು ನಮಗೆ ಅರ್ಥವಾಗದ್ದೇನಲ್ಲ.

ಹೊಳಪಿಗಷ್ಟೇ ಆದರೆ ಕೊಳ್ಳಬೇಡಿ ಎನ್ನುತ್ತೇನೆ. ಕಂಪ್ಯೂಟರ್ ಕೊಳ್ಳಲಾಗದ ಮನೆಯ ಹುಡುಗಿಯೊಬ್ಬಳು ಹಳೆಯ ಆಟದೊಳಗೆ ಹೊಸ ಲೋಕ ಕಾಣುವಳಾದರೆ ಕೊಡಿಸಬಹುದು. ಮಾಡ್ ಹಾಕಿಕೊಂಡು ಆಡಿದರೆ ಕನ್ಸೋಲಿನಲ್ಲಿ ಗೆಲುವಿನ ಪದಕಗಳು ದಾಖಲಾಗದಿರಬಹುದು, ಹೋಗಲಿ ಬಿಡಿ. ಪದಕದ ಬದಲು, ಆ ಮನೆ ಕಟ್ಟಿದವರು ಯಾರು, ಆ ಕಥೆ ಬರೆದವರು ಯಾರು ಎಂದು ಹುಡುಕಿ ನೋಡಿ, ಎರಡು ಸಾಲು ಬರೆದು ತಿಳಿಸುವುದನ್ನು ಅವಳು ಕಲಿಯಲಿ.